ಕನ್ನಡ ಶಾಲೆಯ ಹೆಸರನ್ನು ಬಯೋಡಾಟಾದಲ್ಲಿ ಬಚ್ಚಿಡಬೇಡಿ



ಜತ್ತ ತಾಲೂಕಿನ ಉಮದಿ, ಸಂಖ, ಬಿಳೂರ, ಗುಗವಾಡ, ಹೀಗೆ ಎಲ್ಲಿ ಪಾಲಕರ ಸಭೆ ಸೇರಿದರೂ ಕೊನೆಯಲ್ಲಿ ಏಳುವ ಪ್ರಶ್ನೆ ಒಂದೇ: ‘ಕನ್ನಡ ಸಾಲ್ಯಾಗ ಕಲಿಸಿದ್ರ ಮುಂದ ನೌಕರಿ ಸಿಗತೈತೇನ್ರಿ?’ ಈ ಪ್ರಶ್ನೆಗೆ ನಾವು ಸಂವಿಧಾನದ ಕಲಮುಗಳನ್ನು ಹೇಳಿ ಕುಳಿತುಬಿಡುತ್ತೇವೆ. 29 ಮತ್ತು 30ನೇ ಕಲಮುಗಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯನ್ನು ಕಾಪಾಡಿಕೊಳ್ಳುವ, ತಮ್ಮ ಶಾಲೆಗಳನ್ನು ನಡೆಸುವ ಹಕ್ಕು ಕೊಟ್ಟಿವೆ. 1956ರಲ್ಲಿ ಏಳನೇ ತಿದ್ದುಪಡಿಯಿಂದ ಸೇರಿದ 350-ಎ ಕಲಮು, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಇವೆಲ್ಲ ನಿಜ. ಇವುಗಳಿಗಾಗಿ ಹೋರಾಡಲೇಬೇಕು. ಆದರೆ ಪಾಲಕರು ಕೇಳಿದ್ದು ನೌಕರಿಯ ಮಾತು. ಅದಕ್ಕೆ ನೇರವಾದ ಉತ್ತರ ಕೊಡದಿದ್ದರೆ ಅವರು ಮುಂದಿನ ಜೂನ್ ತಿಂಗಳಲ್ಲಿ ಕಿರಿಯ ಮಗುವನ್ನು ಬೇರೆ ಮಾಧ್ಯಮದ ಶಾಲೆಗೆ ಹಾಕುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಆದ್ದರಿಂದ ಈ ಲೇಖನದಲ್ಲಿ ಡಿಪ್ಲೊಮಾ ಅಥವಾ ಡಿಗ್ರಿ ಎಂಜಿನಿಯರಿಂಗ್ ಕಲಿತ ನಮ್ಮ ಮಕ್ಕಳು ನೌಕರಿಗೆಂದು ಕಳಿಸುವ ಒಂದು ಹಾಳೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಅದನ್ನು ಬಯೋಡಾಟಾ ಎನ್ನುತ್ತೇವೆ. ಕಂಪನಿಯವರು ರೆಸ್ಯೂಮೆ ಎನ್ನುತ್ತಾರೆ. ‘ಅದು ಮಗನ ಕೆಲಸ, ನಮಗೇನು ತಿಳಿದೀತು’ ಎಂದು ಹಾಳೆ ತಿರುವಬೇಡಿ. ಅದರಲ್ಲಿ ಅರ್ಧ ಕೆಲಸ ನಿಮ್ಮದೇ ಇದೆ.

ದಾರಿ ಎಲ್ಲಿ ಕಡಿಯುತ್ತದೆ?

ನಮ್ಮ ಮಗು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಕಲಿಯಲು ದಾರಿ ಇದೆ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಮುದ್ರಿಸುತ್ತದೆ. ಮಹಾರಾಷ್ಟ್ರ ಮಂಡಳಿಯ ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. 2021ರಿಂದ ಜೆಇಇ ಮೇನ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಸಿಗುತ್ತದೆ. ಅದೇ ವರ್ಷ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತು ಕನ್ನಡ, ಮರಾಠಿ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ರೈಲ್ವೆಯ ಜೂನಿಯರ್ ಎಂಜಿನಿಯರ್ ನೇಮಕಾತಿ ಪರೀಕ್ಷೆಗೂ ಕನ್ನಡವನ್ನು ಆರಿಸಿಕೊಳ್ಳಬಹುದು.

ಆದರೆ ಖಾಸಗಿ ಕಾರಖಾನೆಗೆ ಅರ್ಜಿ ಹಾಕುವ ದಿನ ಬಂದಾಗ ಎಲ್ಲವೂ ಇಂಗ್ಲಿಷ್. ಅಲ್ಲಿ ಯಾವ ಕಲಮೂ ನಮ್ಮ ಬೆನ್ನಿಗಿಲ್ಲ. ಹುಡುಗ ಜತ್ತದ ಪೇಟೆಯ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಮೊದಲೇ ಇರುವ ಯಾರದೋ ಬಯೋಡಾಟಾ ತೆರೆದು, ಹೆಸರು ಮತ್ತು ಗುಣಗಳನ್ನು ಬದಲಿಸಿ ಪ್ರಿಂಟು ತೆಗೆದು ಕೊಡುತ್ತಾನೆ. ಅದರ ಮೇಲ್ಭಾಗದಲ್ಲಿ ‘ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆದು ನನ್ನ ಕೌಶಲ್ಯವನ್ನು ಬೆಳೆಸಿಕೊಳ್ಳುವ ಗುರಿ’ ಎಂಬರ್ಥದ ಇಂಗ್ಲಿಷ್ ವಾಕ್ಯ. ಕೆಳಭಾಗದಲ್ಲಿ ಹವ್ಯಾಸ: ಹಾಡು ಕೇಳುವುದು, ಕ್ರಿಕೆಟ್. ನಡುವೆ ತಂದೆಯ ಹೆಸರು, ಧರ್ಮ, ಅವಿವಾಹಿತ ಎಂಬ ಮಾಹಿತಿ. ಈ ಹಾಳೆಯನ್ನು ಓದಿದರೆ ಹುಡುಗನಿಗೆ ಏನು ಕೆಲಸ ಬರುತ್ತದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಹತ್ತಾರು ಕಡೆ ಕಳಿಸಿದರೂ ಕರೆ ಬರುವುದಿಲ್ಲ. ಆಗ ಊರಿನಲ್ಲಿ ಮಾತು ಹುಟ್ಟುತ್ತದೆ: ‘ಕನ್ನಡ ಸಾಲ್ಯಾಗ ಕಲತ, ಅದಕ್ಕ ಹಿಂಗಾತು.’

ಒಂದು ಕೆಟ್ಟ ಹಾಳೆಯ ತಪ್ಪು ಹೀಗೆ ಶಾಲೆಯ ತಲೆಗೆ ಬರುತ್ತದೆ. ಶಾಲೆಯ ಹಾಜರಿ ಪಟ್ಟಿ ತೆಳ್ಳಗಾಗುತ್ತದೆ. ಹಾಜರಿ ತೆಳ್ಳಗಾದರೆ ಶಿಕ್ಷಕರ ಹುದ್ದೆಗೆ ಕತ್ತರಿ ಬೀಳುತ್ತದೆ. ಅಲ್ಪಸಂಖ್ಯಾತರ ಹಕ್ಕಿನ ಪತ್ರಿಕೆಯಲ್ಲಿ ಬಯೋಡಾಟಾದ ವಿಷಯ ಏಕೆ ಎಂದು ಕೇಳುವವರಿಗೆ ಇದೇ ನನ್ನ ಉತ್ತರ.

ಕೈಗೆಲಸ ನೋಡುತ್ತಿದ್ದ ಕಾಲ

ನಮ್ಮ ಜಿಲ್ಲೆಯಲ್ಲಿಯೇ ಕಿರ್ಲೋಸ್ಕರವಾಡಿ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಕಬ್ಬಿಣದ ನೇಗಿಲು ತಯಾರಿಸಿ, ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲದಲ್ಲಿ 1910ರಲ್ಲಿ ಆ ಕಾರಖಾನೆ ಕಟ್ಟಿದರು. ಅವರ ಜತೆಗೆ ಬೆಳೆದವರಲ್ಲಿ ಶಾಲೆಯನ್ನು ಅರ್ಧಕ್ಕೇ ಬಿಟ್ಟ ಅನಂತರಾವ ಫಳಣೀಕರರಂಥವರೂ ಇದ್ದರು. ಮುಂದೆ ಅವರು ಒಳ್ಳೆಯ ಎಂಜಿನಿಯರ್ ಎನಿಸಿಕೊಂಡರು. ಲಕ್ಷ್ಮಣರಾಯರು ಮನುಷ್ಯನ ಕೈಗೆಲಸವನ್ನು ಕಣ್ಣಾರೆ ನೋಡಿ ಆರಿಸಿಕೊಳ್ಳುತ್ತಿದ್ದರು.

ಇಂದು ಒಂದು ಜಾಗಕ್ಕೆ ನೂರಾರು ಅರ್ಜಿ ಬರುತ್ತವೆ. ಮಾಲಕರು ಹುಡುಗನ ಕೈ ನೋಡುವ ಮೊದಲು ಹಾಳೆ ನೋಡುತ್ತಾರೆ. ದೊಡ್ಡ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಕಂಪ್ಯೂಟರು ಆ ಹಾಳೆಯನ್ನು ಓದಿ, ಜಾಹೀರಾತಿನಲ್ಲಿ ಕೇಳಿದ ಶಬ್ದಗಳು ಅದರಲ್ಲಿವೆಯೇ ಎಂದು ಹುಡುಕುತ್ತದೆ. ಕುಪವಾಡ, ಗೋಕುಳ ಶಿರಗಾಂವ, ಬೆಳಗಾವಿಯ ಉದ್ಯಮಬಾಗ, ಪುಣೆಯ ಚಾಕಣ, ಎಲ್ಲಿಗೆ ಅರ್ಜಿ ಹಾಕಿದರೂ ಓದುವವನಿಗೆ ಬೇಕಾದ ಉತ್ತರಗಳು ಇಷ್ಟೇ: ಈ ಹುಡುಗನಿಗೆ ಏನು ಮಾಡಲು ಬರುತ್ತದೆ? ಅದನ್ನು ಎಲ್ಲಿ ಮಾಡಿದ್ದಾನೆ? ಅದರಿಂದ ಏನಾಯಿತು? ಇವುಗಳಿಗೆ ಉತ್ತರವಿಲ್ಲದ ಹಾಳೆ ಎಷ್ಟೇ ಚೆಂದವಾಗಿದ್ದರೂ ಬದಿಗೆ ಹೋಗುತ್ತದೆ.

ನಮ್ಮ ಮಕ್ಕಳು ಬರೆಯದೆ ಬಿಡುವುದು

ಜತ್ತದ ಹುಡುಗನಿಗೆ ಅನುಭವವಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬರಗಾಲದ ಸೀಮೆ ನಮ್ಮದು. ಬೋರಿನ ಮೋಟರು ಸುಟ್ಟರೆ ಬೆಳೆ ಒಣಗುತ್ತದೆ. ಹೀಗಾಗಿ ಸ್ಟಾರ್ಟರು ಬಿಚ್ಚಿ ಜೋಡಿಸುವುದು, ಮೂರು ಫೇಜಿನಲ್ಲಿ ಒಂದು ಹೋದರೆ ಮೋಟರನ್ನು ಕಾಪಾಡುವುದು, ದ್ರಾಕ್ಷಿ-ದಾಳಿಂಬೆ ತೋಟದಲ್ಲಿ ಡ್ರಿಪ್ ಪೈಪು ಹಾಕುವುದು, ಫಿಲ್ಟರು ತೊಳೆಯುವುದು ನಮ್ಮ ಮಕ್ಕಳಿಗೆ ಹೈಸ್ಕೂಲಿನಲ್ಲಿಯೇ ಗೊತ್ತಿರುತ್ತದೆ. ತಾಲೂಕಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಅವುಗಳ ದುರಸ್ತಿಯವರ ಸಂಗಡ ತಿರುಗಿದ ಹುಡುಗರೂ ಇದ್ದಾರೆ. ಆದರೆ ಬಯೋಡಾಟಾದಲ್ಲಿ ಇದರ ಒಂದು ಅಕ್ಷರವೂ ಇರುವುದಿಲ್ಲ. ‘ಅದು ಹೊಲದ ಕೆಲಸ, ಅದನ್ನೇನು ಬರೆಯುವುದು’ ಎಂಬ ನಾಚಿಕೆ.

ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ ಕಾಲೇಜಿನಲ್ಲಿ ಪಂಪಿನ ಪ್ರೊಜೆಕ್ಟ್ ಮಾಡಿದ್ದಾನೆ ಎಂದುಕೊಳ್ಳೋಣ. ಅವನು ‘ಪ್ರೊಜೆಕ್ಟ್: ಕೃಷಿ ಪಂಪಿನ ಸ್ವಯಂಚಾಲಿತ ನಿಯಂತ್ರಣ’ ಎಂದು ಬರೆದು ಬಿಡುತ್ತಾನೆ. ಓದುವವನಿಗೆ ಏನೂ ತಿಳಿಯಲಿಲ್ಲ. ಅದನ್ನೇ ಹೀಗೆ ಬರೆದರೆ: ‘5 ಎಚ್‌ಪಿ ಮೂರು ಫೇಜಿನ ಪಂಪಿಗೆ, ಒಂದು ಫೇಜು ಹೋದ ಕೂಡಲೇ ಮೋಟರು ನಿಲ್ಲುವ ಪ್ಯಾನೆಲ್ ತಯಾರಿಸಿದೆವು. ನಾಲ್ವರ ತಂಡದಲ್ಲಿ ವೈರಿಂಗ್ ಮತ್ತು ರಿಲೇ ಜೋಡಣೆ ನನ್ನದು. ನಮ್ಮ ಹೊಲದ ಬೋರಿಗೆ ಜೋಡಿಸಿ ಎರಡು ತಿಂಗಳು ನಡೆಸಿ ನೋಡಿದೆವು.’ ಇಲ್ಲಿ ಯಂತ್ರದ ಅಳತೆ ಇದೆ. ತಂಡದಲ್ಲಿ ತನ್ನ ಪಾಲು ಯಾವುದೆಂಬುದಿದೆ. ಕೆಲಸ ನಡೆಯಿತೇ ಇಲ್ಲವೇ ಎಂಬುದೂ ಇದೆ. ಸಂದರ್ಶನದಲ್ಲಿ ಸಾಹೇಬರು ಇದರ ಮೇಲೆಯೇ ಪ್ರಶ್ನೆ ಕೇಳುತ್ತಾರೆ. ಹುಡುಗ ಸ್ವಂತ ಮಾಡಿದ್ದರಿಂದ ಧೈರ್ಯವಾಗಿ ಉತ್ತರಿಸುತ್ತಾನೆ.

ಎರಡನೆಯದು ಭಾಷೆಗಳು. ನಮ್ಮ ಮಗು ಮನೆಯಲ್ಲಿ ಕನ್ನಡ, ಪೇಟೆ ಮತ್ತು ಕಚೇರಿಯಲ್ಲಿ ಮರಾಠಿ ಆಡುತ್ತದೆ. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಕಲಿಯುತ್ತದೆ. ಕೊಲ್ಲಾಪುರ, ಬೆಳಗಾವಿ, ಪುಣೆಗಳ ಕಾರಖಾನೆಗಳಲ್ಲಿ ದುಡಿಯುವವರಲ್ಲಿ ಎರಡೂ ರಾಜ್ಯಗಳ ಜನರಿದ್ದಾರೆ. ಕೆಲಸಗಾರನ ಜತೆ ಅವನ ಭಾಷೆಯಲ್ಲಿ ಮಾತಾಡಬಲ್ಲ ಸೂಪರ್‌ವೈಜರ್ ಮಾಲಕರಿಗೆ ಬೇಕೇ ಬೇಕು. ಗಡಿಯ ಎರಡೂ ಬದಿಯ ರೈತರಿಗೆ ಪಂಪು, ಟ್ರ್ಯಾಕ್ಟರು, ಡ್ರಿಪ್ ಮಾರುವ ಕಂಪನಿಗೂ ಬೇಕು. ಹೀಗಿರುವಾಗ ಕನ್ನಡವನ್ನು ಹಾಳೆಯ ತಳದಲ್ಲಿ ಹವ್ಯಾಸದ ಪಕ್ಕದಲ್ಲಿ ಸೇರಿಸುವುದೇಕೆ? ‘ಕನ್ನಡ, ಮರಾಠಿ: ಓದು, ಬರಹ, ಮಾತು. ಹಿಂದಿ: ಮಾತು. ಇಂಗ್ಲಿಷ್: ಓದು, ಬರಹ, ಸಾಧಾರಣ ಮಾತು’ ಎಂದು ಇದ್ದದ್ದನ್ನು ಇದ್ದಂತೆ ಬರೆಯಲಿ.

ಮೂರನೆಯದು ಶಾಲೆಯ ಹೆಸರು. ಕೆಲವು ಮಕ್ಕಳು ಹತ್ತನೇ ತರಗತಿಯ ಗುಣಗಳನ್ನು ಬರೆದು, ಶಾಲೆ ಮತ್ತು ಮಾಧ್ಯಮವನ್ನು ಬರೆಯದೆ ಬಿಡುತ್ತಾರೆ. ಮಾಧ್ಯಮ ಬರೆಯಲೇಬೇಕೆಂಬ ನಿಯಮವಿಲ್ಲ. ಆದರೆ ನಾಚಿ ಬಚ್ಚಿಟ್ಟದ್ದು ಸಂದರ್ಶನದಲ್ಲಿ ಹೊರಬಂದೇ ಬರುತ್ತದೆ. ಆಗ ಹುಡುಗನ ದನಿ ಇಳಿಯುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಕಲಿತು, ನಂತರ ಇಂಗ್ಲಿಷಿನಲ್ಲಿ ಎಂಜಿನಿಯರಿಂಗ್ ಪಾಸಾದವನು ಒಂದೇ ಭಾಷೆಯಲ್ಲಿ ಕಲಿತವನಿಗಿಂತ ಹೆಚ್ಚಿನ ಶ್ರಮಪಟ್ಟಿದ್ದಾನೆ. ಇದನ್ನು ತಲೆ ಎತ್ತಿ ಹೇಳುವ ಅಭ್ಯಾಸ ಮನೆಯಿಂದ ಬರಬೇಕು. ನೀವೇ ಅಂಜಿದರೆ ಮಗು ಅಂಜದಿದ್ದೀತೇ?

ಇಂಗ್ಲಿಷಿನ ಅಡಚಣೆ

ಇಂಗ್ಲಿಷ್ ಅಡಚಣೆಯೇ ಅಲ್ಲ ಎಂದು ಹೇಳಿ ನಿಮ್ಮನ್ನು ಮೋಸಗೊಳಿಸುವುದಿಲ್ಲ. ಅದು ಅಡಚಣೆಯೇ. ಮಹಾರಾಷ್ಟ್ರದಲ್ಲಿ 2000ದಿಂದ ಎಲ್ಲ ಮಾಧ್ಯಮಗಳಲ್ಲಿಯೂ ಒಂದನೇ ತರಗತಿಯಿಂದ ಇಂಗ್ಲಿಷ್ ವಿಷಯವಿದೆ. ಆದರೂ ಮಾತಿನ ಅಭ್ಯಾಸ ಸಾಲುವುದಿಲ್ಲ. ಇದಕ್ಕೆ ಯಾರದೋ ದೊಡ್ಡ ದೊಡ್ಡ ಇಂಗ್ಲಿಷ್ ವಾಕ್ಯಗಳನ್ನು ಎತ್ತಿ ಬರೆಯುವುದು ಮದ್ದಲ್ಲ. ಹಾಳೆಯ ಇಂಗ್ಲಿಷಿಗೂ ಬಾಯಿಯ ಇಂಗ್ಲಿಷಿಗೂ ಅಜಗಜಾಂತರವಿದ್ದರೆ ಎದುರಿಗೆ ಕುಳಿತವರಿಗೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ನಾನು ಹೇಳುವ ಉಪಾಯ ಸರಳವಾದದ್ದು. ಮಗ ಅಥವಾ ಮಗಳು ಮೊದಲು ಎಲ್ಲವನ್ನೂ ಕನ್ನಡದಲ್ಲಿ ಬರೆಯಲಿ. ಏನು ಮಾಡಿದೆ, ಯಾವ ಯಂತ್ರದ ಮೇಲೆ ಮಾಡಿದೆ, ಎಷ್ಟು ದಿನ, ಏನಾಯಿತು ಎಂಬುದನ್ನು ನಿಮ್ಮೆದುರು ಓದಿ ಹೇಳಲಿ. ನೀವು ಎಂಜಿನಿಯರಿಂಗ್ ಕಲಿತಿಲ್ಲದಿರಬಹುದು. ಆದರೆ ‘ಇದರಾಗ ನೀ ಮಾಡಿದ್ದ ಯಾವದು?’ ಎಂದು ಕೇಳಲು ಯಾವ ಡಿಗ್ರಿಯೂ ಬೇಕಿಲ್ಲ. ನಿಮಗೆ ಅರ್ಥವಾಗುವವರೆಗೆ ತಿದ್ದಲಿ. ಆಮೇಲೆ ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು, ಶಾಲೆಯ ಇಂಗ್ಲಿಷ್ ಶಿಕ್ಷಕರಿಗೊಮ್ಮೆ, ಕಾಲೇಜಿನ ಗುರುಗಳಿಗೊಮ್ಮೆ ತೋರಿಸಲಿ. ಹೊಸಬರಿಗೆ ಒಂದೇ ಪುಟ ಸಾಕು. ಬಣ್ಣದ ಚೌಕಟ್ಟು, ಕೋಷ್ಟಕ ಬೇಡ, ಅವು ಕಂಪ್ಯೂಟರಿನ ಓದಿಗೆ ಅಡ್ಡ ಬರುತ್ತವೆ. ಧರ್ಮ, ಜಾತಿ, ಮದುವೆಯ ಮಾತು ಖಾಸಗಿ ಕಂಪನಿಯ ಬಯೋಡಾಟಾದಲ್ಲಿ ಬೇಕಿಲ್ಲ. ಪ್ರತಿ ಜಾಹೀರಾತಿಗೂ ಅದೇ ಹಾಳೆ ಕಳಿಸದೆ, ಅಲ್ಲಿ ಕೇಳಿದ ಕೆಲಸ ತನಗೆ ನಿಜವಾಗಿ ಬರುತ್ತಿದ್ದರೆ ಅದನ್ನು ಅವರದೇ ಶಬ್ದದಲ್ಲಿ ಮೇಲಕ್ಕೆ ತರಲಿ.

ನೌಕರಿ ತಡವಾದರೆ ಸುಮ್ಮನೆ ಕೂಡ್ರಿಸಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿಯಾಗಿ ಡಿಗ್ರಿ, ಡಿಪ್ಲೊಮಾ ಪಡೆದವರಿಗೂ ತರಬೇತಿಯ ಅವಕಾಶ ದೊರೆಯಿತು. ಭತ್ಯೆಯೂ ಇದೆ, ಮುಗಿದ ಮೇಲೆ ಪ್ರಮಾಣಪತ್ರವೂ ಇದೆ. ಒಂದು ವರ್ಷದ ಅಪ್ರೆಂಟಿಸ್ ಕೆಲಸ ಬಯೋಡಾಟಾದಲ್ಲಿ ಹತ್ತು ವಿಶೇಷಣಗಳಿಗಿಂತ ಹೆಚ್ಚು ತೂಗುತ್ತದೆ.

ಪಾಲಕರ ಪಾಲಿನ ಕೆಲಸ

ಈಗ ನಿಮ್ಮ ಕೆಲಸಕ್ಕೆ ಬರೋಣ. ಮೊದಲನೆಯದು ಹೆಸರು. ನಮ್ಮ ಹೆಸರುಗಳು ಕನ್ನಡದಿಂದ ದೇವನಾಗರಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ರೂಪ ಕಳೆದುಕೊಳ್ಳುತ್ತವೆ. ಸಿದ್ದಪ್ಪ ಒಂದು ಕಾಗದದಲ್ಲಿ ಶಿದಾಪ್ಪಾ ಆಗುತ್ತಾನೆ. ಮಲ್ಲಪ್ಪ ಮಲಾಪ್ಪಾ ಆಗುತ್ತಾನೆ. ವಿಜಯಪುರದ ಕಡೆಯ ಬಿರಾದಾರ ಇಲ್ಲಿ ಬಿರಾಜದಾರ. ಮಹಾರಾಷ್ಟ್ರದಲ್ಲಿ ಅಡ್ಡಹೆಸರು ಮೊದಲು, ತಂದೆಯ ಹೆಸರು ಕೊನೆಗೆ. ಕರ್ನಾಟಕದಲ್ಲಿ ಇನಿಶಿಯಲ್ ಮುಂದೆ ಇರುವ ಪದ್ಧತಿಯೂ ಇದೆ. ಆಧಾರ ಕಾರ್ಡಿನಲ್ಲಿ ಒಂದು, ಹತ್ತನೇ ತರಗತಿಯ ಗುಣಪತ್ರಿಕೆಯಲ್ಲಿ ಒಂದು, ಡಿಪ್ಲೊಮಾದಲ್ಲಿ ಇನ್ನೊಂದು ಹೆಸರಿದ್ದರೆ, ನೌಕರಿ ಸಿಕ್ಕ ಮೇಲೆಯೂ ಕಾಗದಪತ್ರದ ತಪಾಸಣೆಯಲ್ಲಿ ಹುಡುಗ ಒದ್ದಾಡಬೇಕಾಗುತ್ತದೆ. ಹತ್ತನೇ ತರಗತಿಯ ಪರೀಕ್ಷೆಯ ಫಾರ್ಮು ತುಂಬುವ ದಿನ ನೀವೇ ಶಾಲೆಗೆ ಹೋಗಿ, ಇಂಗ್ಲಿಷ್ ಸ್ಪೆಲ್ಲಿಂಗ್, ತಂದೆ-ತಾಯಿಯ ಹೆಸರು, ಜನ್ಮದಿನಾಂಕಗಳನ್ನು ಒಂದೊಂದೇ ಅಕ್ಷರ ಓದಿಸಿ ನೋಡಿರಿ. ಓದು ಬಾರದವರು ತಿಳಿದವರನ್ನು ಸಂಗಡ ಕರೆದೊಯ್ಯಿರಿ. ಅಂದು ಅರ್ಧ ತಾಸಿನಲ್ಲಿ ಆಗುವ ತಿದ್ದುಪಡಿಗೆ ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಎರಡನೆಯದು ಕಾಗದಗಳ ಗಂಟು. ಒಂದನೇ ತರಗತಿಯಿಂದ ಹಿಡಿದು ಶಾಲೆ ಬಿಟ್ಟ ದಾಖಲೆ, ಗುಣಪತ್ರಿಕೆ, ಜಾತಿ ಪ್ರಮಾಣಪತ್ರ, ರಹವಾಸಿ ದಾಖಲೆ ಎಲ್ಲವನ್ನೂ ಒಂದೇ ಕಡೆ ಇಡಿರಿ. ಕಬ್ಬಿನ ಕಟಾವಿಗೆ ಹೋಗುವ ಮನೆಗಳಲ್ಲಿ ಇವು ಕಳೆಯುವುದು ಸಾಮಾನ್ಯ. ನಂಬಿಗಸ್ತರ ಮನೆಯಲ್ಲಿ ಒಂದು ಝೆರಾಕ್ಸ್ ಪ್ರತಿ ಇರಲಿ. ಈ ಕಾಗದಗಳಿಗೆ ಇನ್ನೊಂದು ಉಪಯೋಗವಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಕಲಮಿದೆ. ಅದರಲ್ಲಿ ದಕ್ಷಿಣ ಸೋಲಾಪುರ, ಅಕ್ಕಲಕೋಟ, ಗಡಹಿಂಗ್ಲಜಗಳ ಜತೆ ನಮ್ಮ ಜತ್ತ ತಾಲೂಕಿನ ಹೆಸರೂ ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳೂ ಇವೆ. ಈ ಭಾಗದ ಶಾಲೆಗಳಲ್ಲಿ ಕನಿಷ್ಠ ಏಳು ವರ್ಷ ಕಲಿತಿರಬೇಕು, ಹತ್ತನೇ ಅಥವಾ ಹನ್ನೆರಡನೇ ತರಗತಿಯನ್ನು ಇಲ್ಲಿಂದಲೇ ಪಾಸಾಗಿರಬೇಕು, ಕನ್ನಡ ಭಾಷೆಯ ಪರೀಕ್ಷೆ ಕೊಡಬೇಕು ಎಂಬವು ಅದರ ಮುಖ್ಯ ಷರತ್ತುಗಳು. ಆಯಾ ವರ್ಷದ ಮಾಹಿತಿ ಪುಸ್ತಿಕೆ ನೋಡಿಯೇ ಅರ್ಜಿ ಹಾಕಬೇಕು. ಆದರೆ ಯಾವ ವರ್ಷವಾದರೂ ಅಭ್ಯಾಸದ ದಾಖಲೆ ಕೈಯಲ್ಲಿ ಇಲ್ಲದವನಿಗೆ ಈ ಸೌಲಭ್ಯ ಸಿಗದು.

ಮೂರನೆಯದು ಒಂದು ವಹಿ. ಡಿಪ್ಲೊಮಾ ಅಥವಾ ಡಿಗ್ರಿಗೆ ಸೇರಿದ ದಿನವೇ ಮಗುವಿಗೆ ಇನ್ನೂರು ಪುಟದ ವಹಿ ಕೊಡಿಸಿರಿ. ಪ್ರತಿ ರವಿವಾರ ಆ ವಾರ ಯಾವ ಯಂತ್ರ ಮುಟ್ಟಿದೆ, ಯಾವ ಅಳತೆ ತೆಗೆದೆ, ರಜೆಯಲ್ಲಿ ಯಾರ ವರ್ಕ್‌ಶಾಪಿನಲ್ಲಿ ಏನು ಮಾಡಿದೆ ಎಂದು ನಾಲ್ಕು ಸಾಲು ಬರೆಯಲಿ. ಮೂರು ವರ್ಷದ ನಂತರ ಬಯೋಡಾಟಾ ಬರೆಯುವಾಗ ಅಂಗಡಿಯವನ ನಕಲು ಬೇಕಾಗುವುದಿಲ್ಲ.

ನಾಲ್ಕನೆಯದು ಫೋನು. ಬಯೋಡಾಟಾದಲ್ಲಿ ಕೊಟ್ಟ ಮೊಬೈಲ್ ನಂಬರನ್ನು ಪದೇ ಪದೇ ಬದಲಿಸಬೇಡಿ. ಮನೆಯ ನಂಬರು ಕೊಟ್ಟಿದ್ದರೆ ಕರೆ ಬಂದಾಗ ಯಾರು, ಯಾವ ಕಂಪನಿ, ಯಾವ ದಿನ ಎಂದು ಬರೆದುಕೊಳ್ಳಿರಿ. ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೇಳಲು ಸಂಕೋಚ ಬೇಡ.

ಸುಳ್ಳಿಗೂ ದಲಾಲರಿಗೂ ದೂರವಿರಿ

ಬಾರದ ಸಾಫ್ಟ್‌ವೇರುಗಳ ಹೆಸರು ಬರೆಯುವುದು, ಮಾಡದ ಕೆಲಸಕ್ಕೆ ಅನುಭವದ ಪತ್ರ ತರುವುದು ಈಗ ಹೆಚ್ಚಾಗಿದೆ. ಕಂಪನಿಗಳು ನೌಕರಿ ಕೊಟ್ಟ ನಂತರವೂ ತಪಾಸಣೆ ಮಾಡಿಸುತ್ತವೆ. ಸಿಕ್ಕಿಬಿದ್ದರೆ ನೌಕರಿಯೂ ಹೋಗುತ್ತದೆ, ಹೆಸರೂ ಕೆಡುತ್ತದೆ. ಅದೇ ಕಾರಖಾನೆಗೆ ಮುಂದೆ ಹೋಗುವ ನಮ್ಮೂರಿನ ಹುಡುಗನನ್ನೂ ಸಂಶಯದಿಂದ ನೋಡುತ್ತಾರೆ. ‘ಎರಡು ಲಕ್ಷ ಕೊಡ್ರಿ, ಕಾಯಂ ನೌಕರಿ ಹಚ್ಚತೀನಿ’ ಎನ್ನುವವರ ಮಾತಿಗೆ ಎಮ್ಮೆ, ಹೊಲ ಮಾರಬೇಡಿ. ನೇಮಕದ ಪತ್ರಕ್ಕೆ ಮುಂಗಡ ಹಣ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ.

ಶಾಲೆಗಳಿಂದ ನಾವು ಕೇಳಬೇಕಾದ್ದು

ಮಗುವಿಗೆ ಇದನ್ನೆಲ್ಲ ಕಲಿಸುವುದು ಇಪ್ಪತ್ತೊಂದನೇ ವಯಸ್ಸಿನಲ್ಲಿ ಅಲ್ಲ. ಒಂಬತ್ತು-ಹತ್ತನೇ ತರಗತಿಯಲ್ಲಿ ಕನ್ನಡ ಶಿಕ್ಷಕರು ಪತ್ರಲೇಖನ ಕಲಿಸುತ್ತಾರೆ. ಅದರ ಜತೆ ವರ್ಷಕ್ಕೊಮ್ಮೆ ‘ನನಗೆ ಬರುವ ಕೆಲಸ’ ಎಂದು ಒಂದು ಪುಟ ಬರೆಯಿಸಲಿ. ವಿಜ್ಞಾನ ಶಿಕ್ಷಕರು ಪ್ರತಿ ಪಾಠದ ಕನ್ನಡ ಪಾರಿಭಾಷಿಕ ಶಬ್ದದ ಎದುರು ಇಂಗ್ಲಿಷ್ ಶಬ್ದವನ್ನೂ ಬರೆಯಿಸಲಿ. ವಿದ್ಯುತ್ ರೋಧಕ್ಕೆ ಕಾಲೇಜಿನಲ್ಲಿ ರೆಸಿಸ್ಟನ್ಸ್ ಎನ್ನುತ್ತಾರೆ ಎಂದು ಮೊದಲೇ ತಿಳಿದ ಮಗು ಡಿಪ್ಲೊಮಾದ ಮೊದಲ ವರ್ಷದಲ್ಲಿ ತಬ್ಬಿಬ್ಬಾಗುವುದಿಲ್ಲ. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ. ಶಾಲಾ ಸಮಿತಿಯ ಸಭೆಯಲ್ಲಿ ಪಾಲಕರು ಎದ್ದು ಕೇಳಿದರೆ ಸಾಕು.

ಇನ್ನೊಂದು ಮಾತು. ಈ ಶಾಲೆಗಳಲ್ಲಿ ಕಲಿತು ಸಾಂಗಲಿ, ಪುಣೆ, ಬೆಂಗಳೂರುಗಳಲ್ಲಿ ದುಡಿಯುತ್ತಿರುವ ಎಂಜಿನಿಯರುಗಳು ಇದ್ದಾರೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಅವರಲ್ಲಿ ಅನೇಕರು ಬರುತ್ತಾರೆ. ಆ ದಿನಗಳಲ್ಲಿ ಅವರನ್ನು ಎರಡು ತಾಸು ಶಾಲೆಗೆ ಕರೆಯಿರಿ. ಹಾರ-ಶಾಲು ಹಾಕಿ ಕಳಿಸುವ ಬದಲು ಹತ್ತು ಹುಡುಗರ ಬಯೋಡಾಟಾಗಳನ್ನು ಅವರ ಮುಂದಿಟ್ಟು ತಿದ್ದಿಸಿರಿ.

ಹಕ್ಕಿನ ಹೋರಾಟ ನಡೆಯುತ್ತಲೇ ಇರಲಿ. ಅದರ ಜತೆಗೆ ಈ ವಾರವೇ ಒಂದು ಕೆಲಸ ಮಾಡಿರಿ. ಮನೆಯ ಟ್ರಂಕಿನಲ್ಲಿರುವ ಮಗುವಿನ ಕಾಗದಗಳನ್ನು ಹೊರಗೆ ತೆಗೆದು, ಎಲ್ಲದರಲ್ಲಿಯೂ ಹೆಸರು ಒಂದೇ ಆಗಿದೆಯೇ ನೋಡಿರಿ. ಇಲ್ಲದಿದ್ದರೆ ಸೋಮವಾರ ಶಾಲೆಗೆ ಹೋಗಿ ಮುಖ್ಯಾಧ್ಯಾಪಕರನ್ನು ಕಾಣಿರಿ.